ಎದೆಯಲ್ಲಿ ಗಂಟು ಸಿಕ್ಕಿದೆ: ಮ್ಯಾಮೊಗ್ರಾಮಾ, ಅಲ್ಟ್ರಾಸೌಂಡಾ, ಎಂಆರ್‌ಐನಾ?

"ಎಡ ಸ್ತನ, 2 ಗಂಟೆ ಜಾಗ, ಮೊಲೆತೊಟ್ಟಿನಿಂದ 4 ಸೆಂ.ಮೀ. ದೂರ. 14 × 8 ಮಿ.ಮೀ. ಅಳತೆಯ, ಅಂಡಾಕಾರದ, ಅಂಚು ಸ್ಪಷ್ಟವಾಗಿರುವ, ಚರ್ಮಕ್ಕೆ ಸಮಾನಾಂತರವಾಗಿರುವ ಗಟ್ಟಿ ಗಡ್ಡೆ. ಬೈರಾಡ್ಸ್ 3."

ಅಲ್ಟ್ರಾಸೌಂಡ್ ಮಾಡಿಸಿದವರ ಕೈಗೆ ಬರುವ ಕಾಗದ ಹೆಚ್ಚುಕಮ್ಮಿ ಹೀಗಿರುತ್ತದೆ. ಓದಿದವರ ಕಣ್ಣು "ಗಡ್ಡೆ" ಅನ್ನುವ ಪದದ ಮೇಲೆ ನಿಂತುಬಿಡುತ್ತದೆ. ಅವತ್ತು ರಾತ್ರಿ ನಿದ್ದೆ ಇಲ್ಲ. ಆದರೆ ಆ ಸಾಲಿನಲ್ಲಿ ಗಮನ ಕೊಡಬೇಕಾದ್ದು ಉಳಿದ ಪದಗಳಿಗೆ. ಅಂಡಾಕಾರ, ಸ್ಪಷ್ಟ ಅಂಚು, ಸಮಾನಾಂತರ, ಮೂರೂ ಸಮಾಧಾನದ ಮಾತುಗಳೇ. ಯಾಕೆ ಅಂತ ಮುಂದೆ ಹೇಳುತ್ತೇನೆ. ಬೈರಾಡ್ಸ್ ಅಂದರೆ ಅನುಮಾನ ಎಷ್ಟು ಅಂತ ಹೇಳುವ ದರ್ಜೆ, ಅದರ ಲೆಕ್ಕ ಕೊನೆಯಲ್ಲಿದೆ.

ರಿಪೋರ್ಟ್ ಬಂದ ಮರುಕ್ಷಣ ಎಲ್ಲರೂ ಕೇಳುವುದು ಒಂದೇ: "ಎಂಆರ್‌ಐನೂ ಮಾಡಿಸಿಬಿಡಲಾ? ಅದೇ ಬೆಸ್ಟ್ ಅಲ್ವಾ?" ಜಾಸ್ತಿ ದುಡ್ಡಿನ ಸ್ಕ್ಯಾನ್ ಜಾಸ್ತಿ ಸತ್ಯ ಹೇಳುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸ್ತನದ ವಿಷಯದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಒಂದೊಂದು ಯಂತ್ರ ಒಂದೊಂದನ್ನು ನೋಡುತ್ತದೆ. ಎಕ್ಸ್‌ರೇಯನ್ನು ಯಾವ ಜಾಗ ಎಷ್ಟು ತಡೆಯಿತು ಅನ್ನುವುದನ್ನು ಮ್ಯಾಮೊಗ್ರಾಮ್ ತೋರಿಸುತ್ತದೆ. ಶಬ್ದ ಎಲ್ಲಿ ತಾಗಿ ವಾಪಸ್ ಬಂತು ಅನ್ನುವುದು ಅಲ್ಟ್ರಾಸೌಂಡ್‌ನ ಲೆಕ್ಕ. ಔಷಧಿ ಕೊಟ್ಟಾಗ ರಕ್ತ ಎಲ್ಲಿಗೆ ಜಾಸ್ತಿ, ಬೇಗ ನುಗ್ಗಿತು ಅನ್ನುವುದನ್ನು ಎಂಆರ್‌ಐ ಹಿಡಿಯುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆ ಯಾವುದು ಅಂತ ಮೊದಲು ಗೊತ್ತಾಗಬೇಕು. ಆಮೇಲೆ ಯಂತ್ರ.

ಮೊದಲ ಕವಲು: ತೊಂದರೆ ಇದೆಯಾ, ಇಲ್ಲವಾ?

ಏನೂ ತೊಂದರೆ ಇಲ್ಲದೆ, ಇರಲಿ ಅಂತ ಮಾಡಿಸುವ ತಪಾಸಣೆ ಒಂದು. ಅದನ್ನು ಸ್ಕ್ರೀನಿಂಗ್ ಅನ್ನುತ್ತಾರೆ. ಗಂಟು ಸಿಕ್ಕಿದೆ, ತೊಟ್ಟಿನಿಂದ ರಕ್ತ ಬಂತು, ಚರ್ಮ ಒಳಗೆ ಎಳೆದುಕೊಂಡಿದೆ ಅಂತ ಹೋಗುವುದು ಇನ್ನೊಂದು. ಇವೆರಡನ್ನೂ ಕಲಸಿಕೊಂಡರೆ ಮುಂದಿನದ್ದೆಲ್ಲ ಗೋಜಲು.

ಸ್ಕ್ರೀನಿಂಗ್‌ನಲ್ಲಿ ಮ್ಯಾಮೊಗ್ರಾಮ್‌ಗೆ ಪೈಪೋಟಿ ಇಲ್ಲ. ಸ್ತನ ಕ್ಯಾನ್ಸರ್‌ನಿಂದ ಸಾಯುವವರ ಸಂಖ್ಯೆ ಕಡಿಮೆಯಾಗುತ್ತದೆ ಅಂತ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿರುವ ಸ್ಕ್ಯಾನ್ ಅದೊಂದೇ. ಎಷ್ಟು ವಯಸ್ಸಿಗೆ ಶುರು ಮಾಡಬೇಕು ಅನ್ನುವುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2024ರಲ್ಲಿ ಹೇಳಿದ್ದು: 40ರಿಂದ 74 ವರ್ಷದವರೆಗೆ, ಎರಡು ವರ್ಷಕ್ಕೊಮ್ಮೆ. ಬ್ರಿಟನ್‌ನಲ್ಲಿ 50 ದಾಟಿದ ಮೇಲೆ, ಮೂರು ವರ್ಷಕ್ಕೊಮ್ಮೆ.

ತೊಂದರೆ ಇದ್ದು ಹೋಗುವವರಿಗೆ ವಯಸ್ಸು ದಾರಿ ತೋರಿಸುತ್ತದೆ. 30ರ ಒಳಗಿದ್ದರೆ ಮೊದಲು ಅಲ್ಟ್ರಾಸೌಂಡ್. 40 ದಾಟಿದ್ದರೆ ಮೊದಲು ಮ್ಯಾಮೊಗ್ರಾಮ್, ಬೆನ್ನಿಗೇ ಗಂಟಿನ ಜಾಗಕ್ಕೆ ಅಲ್ಟ್ರಾಸೌಂಡ್. ನಡುವಿನ ಹತ್ತು ವರ್ಷದವರಿಗೆ ಎರಡರಲ್ಲಿ ಯಾವುದರಿಂದ ಬೇಕಾದರೂ ಶುರು ಮಾಡಬಹುದು, ಡಾಕ್ಟರ್ ನೋಡಿ ಹೇಳುತ್ತಾರೆ. ಬಸುರಿ, ಹಾಲೂಡಿಸುವ ತಾಯಿ ಆದರೆ ವಯಸ್ಸು ಎಷ್ಟಾದರೂ ಅಲ್ಟ್ರಾಸೌಂಡೇ ಮೊದಲು.

ಮ್ಯಾಮೊಗ್ರಾಮ್: ಕಣಗಳ ಪತ್ತೇದಾರ

ಇದು ಕಡಿಮೆ ಪ್ರಮಾಣದ ಎಕ್ಸ್‌ರೇ. ಪ್ರತಿ ಸ್ತನಕ್ಕೂ ಎರಡು ಚಿತ್ರ: ಒಂದು ಮೇಲಿನಿಂದ ಕೆಳಕ್ಕೆ, ಇನ್ನೊಂದು ಓರೆಯಾಗಿ, ಕಂಕುಳವೂ ಸಿಗುವ ಹಾಗೆ. ಎರಡು ತಟ್ಟೆಗಳ ನಡುವೆ ಸ್ತನವನ್ನು ಒತ್ತುತ್ತಾರೆ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕೆಲವೇ ಸೆಕೆಂಡು. ಒತ್ತುವುದಕ್ಕೆ ಕಾರಣ ಇದೆ. ಒಂದರ ಮೇಲೊಂದು ಬಿದ್ದಿರುವ ಪದರಗಳು ಹರಡಿಕೊಳ್ಳುತ್ತವೆ, ಚಿತ್ರ ಅಲುಗಾಡುವುದಿಲ್ಲ, ದಪ್ಪ ಕಡಿಮೆಯಾದಷ್ಟೂ ಎಕ್ಸ್‌ರೇ ಕಡಿಮೆ ಸಾಕು. ಮುಟ್ಟಿಗೆ ಮುಂಚಿನ ವಾರ ಸ್ತನ ಬಿಗಿಯಾಗಿ ಮುಟ್ಟಿದರೆ ನೋಯುವವರು, ಮುಟ್ಟು ಮುಗಿದ ವಾರ ಹೋದರೆ ಒತ್ತಡ ತಡೆದುಕೊಳ್ಳುವುದು ಸುಲಭ.

ವಿಕಿರಣದ ಭಯ ಹಲವರಿಗೆ. ಎರಡೂ ಕಡೆ ಸೇರಿ ಸುಮಾರು 0.4 ಮಿಲಿಸೀವರ್ಟ್. ಏನೂ ಮಾಡದೆ ಮನೆಯಲ್ಲಿ ಕೂತಿದ್ದರೂ ಮಣ್ಣು, ಗಾಳಿ, ಆಕಾಶದಿಂದ ಸುಮಾರು ಏಳು ವಾರದಲ್ಲಿ ಇಷ್ಟು ನಮಗೆ ತಾಗಿರುತ್ತದೆ.

ಮ್ಯಾಮೊಗ್ರಾಮ್‌ನ ನಿಜವಾದ ಶಕ್ತಿ ಇರುವುದು ಕ್ಯಾಲ್ಸಿಯಂ ಕಣಗಳನ್ನು ಹಿಡಿಯುವುದರಲ್ಲಿ. ಅರ್ಧ ಮಿಲಿಮೀಟರಿಗಿಂತ ಸಣ್ಣ ಬಿಳಿ ಚುಕ್ಕಿಗಳು. ಕೈಗೆ ಸಿಗುವ ಮಾತೇ ಇಲ್ಲ, ಅಲ್ಟ್ರಾಸೌಂಡ್‌ಗೂ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಲಿನ ನಾಳದ ಒಳಗೇ ಇದ್ದು ಇನ್ನೂ ಹೊರಗೆ ದಾಟದ ಕ್ಯಾನ್ಸರ್ ಎಷ್ಟೋ ಸಲ ಗೊತ್ತಾಗುವುದು ಈ ಚುಕ್ಕಿಗಳಿಂದಲೇ. ಬರ್ಲಿನ್‌ನ ಸರ್ಜನ್ ಆಲ್ಬರ್ಟ್ ಸಾಲೊಮನ್ 1913ರಲ್ಲಿ, ಕತ್ತರಿಸಿ ತೆಗೆದ ಸುಮಾರು 3,000 ಸ್ತನಗಳ ಎಕ್ಸ್‌ರೇ ತೆಗೆದಾಗ ಈ ಕಣಗಳು ಅವರ ಕಣ್ಣಿಗೂ ಬಿದ್ದಿದ್ದವು, ಅರ್ಥ ಏನೆಂದು ಆಗ ಹೊಳೆಯಲಿಲ್ಲ. ಅದರ ಬೆಲೆ ತಿಳಿದದ್ದು, ಒತ್ತಿ ಚಿತ್ರ ತೆಗೆಯುವುದನ್ನು ರೂಢಿಗೆ ತಂದದ್ದು 1950ರ ಆಸುಪಾಸಿನಲ್ಲಿ, ಉರುಗ್ವೆಯ ರೌಲ್ ಲೆಬೋರ್ನೆ ಅವರಿಂದ.

ಕಣ ಕಂಡರೆಲ್ಲ ಕ್ಯಾನ್ಸರ್ ಅಲ್ಲ. ಬಹುಪಾಲು ಅಲ್ಲ. ದಪ್ಪ, ದುಂಡಗಿನ, ಚೆದುರಿದ ಕಣಗಳಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಳೇ ಫೈಬ್ರೋಅಡಿನೋಮಾ (ಕ್ಯಾನ್ಸರ್ ಅಲ್ಲದ ಒಂದು ಸಾಮಾನ್ಯ ಗಡ್ಡೆ) ಒಣಗಿದಾಗ ಪಾಪ್‌ಕಾರ್ನ್‌ನಂಥ ದಪ್ಪ ಉಂಡೆ ಕಾಣುತ್ತದೆ. ಕೊಬ್ಬು ಸತ್ತು ಎಣ್ಣೆಗುಳ್ಳೆಯಾದರೆ ಮೊಟ್ಟೆಚಿಪ್ಪಿನ ಹಾಗೆ ತೆಳು ಬಿಳಿ ಬಳೆ. ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂತರೆ ರೈಲು ಹಳಿಯಂತೆ ಎರಡು ಗೆರೆ. ಕೆಲವು ಸಣ್ಣ ನೀರುಗುಳ್ಳೆಗಳ ತಳದಲ್ಲಿ ಕಣ ಇಳಿದಿರುತ್ತದೆ, ಪಕ್ಕದಿಂದ ಚಿತ್ರ ತೆಗೆದರೆ ಟೀ ಕಪ್‌ನ ತಳದ ಹಾಗೆ ಬಾಗಿರುತ್ತದೆ. ಇವನ್ನು ನೋಡಿದ ರೇಡಿಯಾಲಜಿಸ್ಟ್ ಮುಂದಕ್ಕೆ ಹೋಗುತ್ತಾರೆ.

ಅವರ ಕೈ ನಿಲ್ಲುವುದು ಬೇರೆ ಕಡೆ. ಒಡೆದ ಗಾಜಿನ ಪುಡಿಯ ಹಾಗೆ ಒಂದರಂತೆ ಒಂದಿಲ್ಲದ ಸಣ್ಣ ಕಣಗಳು ಗುಂಪಾಗಿದ್ದರೆ. ಅಥವಾ ಗೆರೆಗೆರೆಯಾಗಿ, ಕವಲೊಡೆದು, ನಾಳದ ಹಾದಿಯನ್ನೇ ಹಿಡಿದು ಸಾಗಿದ್ದರೆ. ಆಗ ಬಯಾಪ್ಸಿ, ಅಂದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವುದು, ಆಗಲೇಬೇಕು. (ಇದಕ್ಕೂ ನೀವು ತಿನ್ನುವ ಕ್ಯಾಲ್ಸಿಯಂ ಮಾತ್ರೆಗೂ ಸಂಬಂಧ ಇಲ್ಲ. ಮಾತ್ರೆ ನಿಲ್ಲಿಸಬೇಡಿ. ಆದರೆ ತಪಾಸಣೆಯ ದಿನ ಕಂಕುಳಿಗೆ ಡಿಯೋಡರೆಂಟ್, ಪೌಡರ್ ಹಾಕಿಕೊಳ್ಳಬೇಡಿ. ಅದರಲ್ಲಿರುವ ಪುಡಿ ಚಿತ್ರದಲ್ಲಿ ಇದೇ ಕಣಗಳ ಹಾಗೆ ಕಂಡು ಸುಮ್ನೆ ಗಾಬರಿ ಹುಟ್ಟಿಸುತ್ತದೆ.)

ಮ್ಯಾಮೊಗ್ರಾಮ್‌ನ ದೌರ್ಬಲ್ಯವೂ ಅಷ್ಟೇ ದೊಡ್ಡದು. ಚಿತ್ರದಲ್ಲಿ ಕೊಬ್ಬು ಕಪ್ಪಗೆ, ಹಾಲಿನ ಗ್ರಂಥಿ ಬೆಳ್ಳಗೆ. ಗಡ್ಡೆಯೂ ಬೆಳ್ಳಗೆ. ಗ್ರಂಥಿ ಜಾಸ್ತಿ, ಕೊಬ್ಬು ಕಡಿಮೆ ಇರುವ ಸ್ತನದಲ್ಲಿ ಗಡ್ಡೆ ಹುಡುಕುವುದು ಮಂಜಿನಲ್ಲಿ ಬಿಳಿ ಸೀರೆ ಹುಡುಕಿದ ಹಾಗೆ. ಇದನ್ನು ಡೆನ್ಸ್ ಸ್ತನ ಅನ್ನುತ್ತಾರೆ, ರಿಪೋರ್ಟ್‌ನಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ. ಸಿ ಮತ್ತು ಡಿ ಡೆನ್ಸ್. ಕೈಯಿಂದ ಮುಟ್ಟಿ "ಗಟ್ಟಿಯಾಗಿದೆ" ಅನ್ನಿಸುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಚಿತ್ರದಲ್ಲೇ ಗೊತ್ತಾಗಬೇಕು. ಡೆನ್ಸ್ ಆಗಿರುವುದು ಕಾಯಿಲೆ ಅಲ್ಲ, ವಯಸ್ಸು ಚಿಕ್ಕದಿದ್ದಷ್ಟೂ ಅದು ಸಾಮಾನ್ಯ. ಆದರೆ ಕ್ಯಾನ್ಸರ್ ಅಪಾಯ ಅದರಿಂದಲೇ ಸ್ವಲ್ಪ ಏರುತ್ತದೆ, ಕ್ಯಾನ್ಸರ್ ಅದರ ಹಿಂದೆ ಅಡಗುತ್ತದೆ ಕೂಡ. ಅಮೆರಿಕದಲ್ಲಂತೂ 2024ರ ಸೆಪ್ಟೆಂಬರ್‌ನಿಂದ ಪ್ರತಿ ಮಹಿಳೆಗೂ ಅವರ ಸ್ತನ ಡೆನ್ಸ್ ಹೌದೋ ಅಲ್ಲವೋ ತಿಳಿಸುವುದು ಕಡ್ಡಾಯ. ನಿಮ್ಮ ರಿಪೋರ್ಟ್‌ನಲ್ಲಿ ಆ ಅಕ್ಷರ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

3ಡಿ ಮ್ಯಾಮೊಗ್ರಾಮ್ ಅಂತ ಒಂದಿದೆ, ಟೋಮೋಸಿಂಥೆಸಿಸ್. ಎಕ್ಸ್‌ರೇ ಕೊಳವೆ ಕಮಾನಿನ ಹಾಗೆ ಸಾಗುತ್ತಾ ಹಲವು ಕೋನದಿಂದ ಚಿತ್ರ ತೆಗೆಯುತ್ತದೆ, ಕಂಪ್ಯೂಟರ್ ಅವನ್ನು ಸುಮಾರು ಒಂದೊಂದು ಮಿಲಿಮೀಟರ್ ಪದರಗಳಾಗಿ ಬಿಡಿಸುತ್ತದೆ. ಪುಸ್ತಕದ ಹಾಳೆ ತಿರುವಿದ ಹಾಗೆ ನೋಡಬಹುದು. ಪದರಗಳು ಒಂದರ ಮೇಲೊಂದು ಬಿದ್ದು ಸುಳ್ಳು ಗಡ್ಡೆ ಕಾಣುವುದು ಕಡಿಮೆಯಾಗುತ್ತದೆ, ಮುಳ್ಳುಮುಳ್ಳಾದ ಅಂಚು ಚೆನ್ನಾಗಿ ಕಾಣುತ್ತದೆ. ಎರಡೂ ಸಿಗುವ ಜಾಗದಲ್ಲಿ ಇದನ್ನೇ ಆರಿಸಿಕೊಳ್ಳಿ. ಸಿಗದಿದ್ದರೆ ಮಾಮೂಲಿ ಡಿಜಿಟಲ್ ಮ್ಯಾಮೊಗ್ರಾಮ್ ಮುಂದೂಡುವಷ್ಟು ದೊಡ್ಡ ವಿಷಯ ಅಲ್ಲ.

ಅಲ್ಟ್ರಾಸೌಂಡ್: ನೀರಾ, ಗಟ್ಟಿಯಾ?

ಗಂಟು ಕೈಗೆ ಸಿಕ್ಕಾಗ ಮೊದಲ ಪ್ರಶ್ನೆ ಇದೇ. ಒಳಗೆ ನೀರಿದೆಯಾ, ಗಟ್ಟಿ ಮಾಂಸ ಇದೆಯಾ? ಮ್ಯಾಮೊಗ್ರಾಮ್‌ನಲ್ಲಿ ಎರಡೂ ಒಂದೇ ಥರದ ಬಿಳಿ ಉಂಡೆ. ಅಲ್ಟ್ರಾಸೌಂಡ್ ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತದೆ.

ಪರದೆಯ ಮೇಲೆ ಬೂದುಬಣ್ಣದ ಪದರಗಳ ನಡುವೆ ಶಾಯಿ ಚೆಲ್ಲಿದಂತೆ ಅಚ್ಚ ಕಪ್ಪು ದುಂಡು. ಅಂಚು ತೆಳು, ನಯ. ಅದರ ಕೆಳಗೆ ಟಾರ್ಚ್ ಬಿಟ್ಟ ಹಾಗೆ ಒಂದು ಬೆಳಕಿನ ಪಟ್ಟೆ. ಶಬ್ದ ನೀರಿನಲ್ಲಿ ಅಡ್ಡಿಯಿಲ್ಲದೆ ಹಾದುಹೋಗುತ್ತದೆ, ಹಾಗಾಗಿ ಹಿಂದಿನ ಭಾಗ ಸುತ್ತಲಿಗಿಂತ ಜಾಸ್ತಿ ಹೊಳೆಯುತ್ತದೆ. ಇದು ಸಾದಾ ನೀರುಗುಳ್ಳೆ. ಈ ಮೂರೂ ಲಕ್ಷಣ ಇದ್ದರೆ ಅಲ್ಲಿಗೆ ಮುಗಿಯಿತು: ಬಯಾಪ್ಸಿ ಬೇಡ, ಆಪರೇಷನ್ ಬೇಡ. ತುಂಬಾ ನೋಯುತ್ತಿದ್ದರೆ ಸೂಜಿ ಹಾಕಿ ನೀರು ತೆಗೆಯಬಹುದು, ಅಷ್ಟೇ. ಗುಳ್ಳೆಯ ಒಳಗೆ ಗಟ್ಟಿ ಭಾಗ ಇದ್ದರೆ, ಗೋಡೆ ದಪ್ಪಗಿದ್ದರೆ ಮಾತ್ರ ಕಥೆ ಬೇರೆ.

ಗಟ್ಟಿ ಗಡ್ಡೆ ಎಂದಾದರೆ ಆಕಾರ ನೋಡಬೇಕು. ಬಿನೈನ್, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ ಸುತ್ತಲಿನ ಪದರಗಳನ್ನು ಮೆಲ್ಲಗೆ ತಳ್ಳಿಕೊಂಡು ಬೆಳೆಯುತ್ತದೆ. ಜಾಗ ಇರುವ ಕಡೆ, ಚರ್ಮಕ್ಕೆ ಸಮಾನಾಂತರವಾಗಿ, ಅಡ್ಡಡ್ಡ ಮಲಗಿಕೊಳ್ಳುತ್ತದೆ. ಕ್ಯಾನ್ಸರ್‌ಗೆ ಪದರದ ಹಂಗಿಲ್ಲ. ಅದು ಪದರಗಳನ್ನು ಭೇದಿಸಿಕೊಂಡು ನೆಟ್ಟಗೆ ನಿಲ್ಲುತ್ತದೆ, ಅಗಲಕ್ಕಿಂತ ಎತ್ತರ ಜಾಸ್ತಿ. ಅಂಚು ಮುಳ್ಳುಮುಳ್ಳು, ಮೂಲೆಮೂಲೆ. ಶಬ್ದವನ್ನು ತಡೆದು ತನ್ನ ಹಿಂದೆ ಕಪ್ಪು ನೆರಳು ಬಿಡುತ್ತದೆ. ಮೊದಲು ಹೇಳಿದ ರಿಪೋರ್ಟ್‌ಗೆ ವಾಪಸ್ ಬನ್ನಿ. 14 ಅಗಲ, 8 ಎತ್ತರ. ಅಂಡಾಕಾರ, ಅಂಚು ಸ್ಪಷ್ಟ. ಅಡ್ಡ ಮಲಗಿರುವ ಗಡ್ಡೆ. ಚಿಕ್ಕ ವಯಸ್ಸಿನವರಲ್ಲಿ ಇಂಥದ್ದು ಹೆಚ್ಚಾಗಿ ಫೈಬ್ರೋಅಡಿನೋಮಾ. ಬೆರಳಿಟ್ಟರೆ ಜಾರುವ, ಓಡಾಡುವ ಗಂಟು. "2 ಗಂಟೆ" ಅಂದರೆ ಗಡಿಯಾರದ ಮುಳ್ಳಿನ ಲೆಕ್ಕ. ಎದುರು ನಿಂತವರಿಗೆ ಎಡ ಸ್ತನದ 2 ಗಂಟೆ ಅಂದರೆ ಕಂಕುಳ ಕಡೆಗಿನ ಮೇಲ್ಭಾಗ.

ಈ ಲಕ್ಷಣಗಳ ಮೇಲೆ ಎಷ್ಟು ಭರವಸೆ ಇಡಬಹುದು ಅನ್ನುವುದಕ್ಕೆ ತಳಪಾಯ ಹಾಕಿದ್ದು 1995ರಲ್ಲಿ ಥಾಮಸ್ ಸ್ಟಾವ್ರೋಸ್ ಮತ್ತು ಜೊತೆಗಾರರ ಅಧ್ಯಯನ. 750 ಗಟ್ಟಿ ಗಡ್ಡೆಗಳನ್ನು ಅಲ್ಟ್ರಾಸೌಂಡ್‌ನಲ್ಲಿ ವರ್ಗ ಮಾಡಿ, ಆಮೇಲೆ ಬಯಾಪ್ಸಿ ಜೊತೆ ಹೋಲಿಸಿದರು. 125 ಕ್ಯಾನ್ಸರ್, 625 ಅಲ್ಲ. "ಬಿನೈನ್" ಅಂತ ಅಲ್ಟ್ರಾಸೌಂಡ್ ಹೇಳಿದ್ದರಲ್ಲಿ 99.5% ನಿಜಕ್ಕೂ ಬಿನೈನ್. ಆದರೆ ಒಂದೂ ಅನುಮಾನದ ಲಕ್ಷಣ ಇರಬಾರದು ಅನ್ನುವುದು ಅವರ ಷರತ್ತು. ಒಂಬತ್ತು ಒಳ್ಳೆಯ ಲಕ್ಷಣ, ಒಂದು ಕೆಟ್ಟದ್ದು ಇದ್ದರೆ ಬಹುಮತದ ಲೆಕ್ಕ ನಡೆಯುವುದಿಲ್ಲ. ಕೆಟ್ಟದ್ದೇ ಗೆಲ್ಲುತ್ತದೆ.

ಅಲ್ಟ್ರಾಸೌಂಡ್‌ನ ಕೊರತೆ ಯಂತ್ರದ್ದಲ್ಲ, ಕೈಯದ್ದು. ಪ್ರೋಬ್ ಹಿಡಿದವರು ನೋಡದ ಜಾಗ ಚಿತ್ರದಲ್ಲಿ ಇರುವುದೇ ಇಲ್ಲ. ಅದಕ್ಕೇ ಗಂಟು ಎಲ್ಲಿದೆ ಅಂತ ನೀವೇ ಬೆರಳಿಟ್ಟು ತೋರಿಸಬೇಕು. ಸಂಕೋಚ ಪಡಬೇಡಿ. ಸ್ತನದ ಸ್ಕ್ಯಾನ್ ದಿನಾ ಮಾಡುವ ರೇಡಿಯಾಲಜಿಸ್ಟ್ ಸಿಕ್ಕರೆ ಹೊಸ ಯಂತ್ರಕ್ಕಿಂತ ಅದು ಮೇಲು. ಇನ್ನೊಂದು: 45 ವರ್ಷದವರು ನೋವು, ವಿಕಿರಣ ಬೇಡ ಅಂತ ಮ್ಯಾಮೊಗ್ರಾಮ್ ಬಿಟ್ಟು ಬರೀ ಅಲ್ಟ್ರಾಸೌಂಡ್ ಮಾಡಿಸಿಕೊಂಡು ಬಂದರೆ, ಕ್ಯಾಲ್ಸಿಯಂ ಕಣಗಳ ಪ್ರಶ್ನೆಯನ್ನು ಕೇಳಿಯೇ ಇಲ್ಲ ಎಂದಾಯಿತು.

ಎಂಆರ್‌ಐ: ಯಾರಿಗೆ ಬೇಕು, ಯಾರಿಗೆ ಬೇಡ

ಬೋರಲು ಮಲಗಬೇಕು. ಮೇಜಿನಲ್ಲಿ ಎರಡು ಗುಳಿ, ಸ್ತನಗಳು ಅದರೊಳಗೆ ಇಳಿಬಿದ್ದಿರುತ್ತವೆ. ಕೈಯ ನರಕ್ಕೆ ಗ್ಯಾಡೋಲಿನಿಯಂ ಔಷಧಿ. ಡಬಡಬ ಸದ್ದಿನ ನಡುವೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಅಲುಗಾಡದೆ ಇರಬೇಕು. ವಿಕಿರಣ ಇಲ್ಲ, ಒತ್ತುವುದಿಲ್ಲ.

ಕ್ಯಾನ್ಸರ್ ಬೆಳೆಯಲು ಹೊಸ ರಕ್ತನಾಳ ಕಟ್ಟಿಕೊಳ್ಳುತ್ತದೆ. ಅವಸರದ ಕೆಲಸ, ಗೋಡೆ ಸೋರುತ್ತದೆ. ಔಷಧಿ ಬೇಗ ನುಗ್ಗಿ, ಬೇಗ ಹೊರಗೆ ಹರಿದುಹೋಗುತ್ತದೆ. ಆ ಏರಿಳಿತವನ್ನು ಗೆರೆ ಎಳೆದು ನೋಡುತ್ತಾರೆ. ನಿಧಾನಕ್ಕೆ ಏರುತ್ತಲೇ ಇದ್ದರೆ ಹೆಚ್ಚಾಗಿ ಬಿನೈನ್. ಏರಿ ಸಮವಾಗಿ ನಿಂತರೆ ಎರಡೂ ಕಡೆ ವಾಲಬಹುದು. ಏರಿ ಇಳಿದರೆ ಅನುಮಾನ. ಆದರೆ ಗೆರೆಯೊಂದನ್ನೇ ನಂಬುವುದಿಲ್ಲ, ಆಕಾರ, ಅಂಚು ಇಲ್ಲೂ ಮುಖ್ಯ.

ಕ್ಯಾನ್ಸರ್ ತಪ್ಪಿಸಿಕೊಳ್ಳದಂತೆ ಹಿಡಿಯುವುದರಲ್ಲಿ ಎಂಆರ್‌ಐ ಎಲ್ಲಕ್ಕಿಂತ ಮುಂದು. ಅದೇ ಅದರ ತೊಂದರೆಯೂ ಹೌದು. ಫೈಬ್ರೋಅಡಿನೋಮಾ, ಉರಿಯೂತ, ಮುಟ್ಟಿನ ಏರುಪೇರಿನಿಂದ ಮಾಮೂಲಿ ಗ್ರಂಥಿ ಕೂಡ ಹೊಳೆಯುತ್ತದೆ. ಮುಟ್ಟಾದ 7ರಿಂದ 14ನೇ ದಿನದ ಒಳಗೆ ಮಾಡಿಸಿ ಅನ್ನುವುದು ಅದಕ್ಕೇ. ಅಪಾಯ ಕಡಿಮೆ ಇರುವವರು ಸುಮ್ನೆ ಸಮಾಧಾನಕ್ಕೆ ಮಾಡಿಸಿದರೆ, ಇಲ್ಲದ ಚುಕ್ಕಿಗೆ ಬಯಾಪ್ಸಿ ಮಾಡಿಸಿಕೊಳ್ಳುವ ಸಾಧ್ಯತೆ ದೊಡ್ಡದು. ನನ್ನ ಮಟ್ಟಿಗೆ ಇದು ಸಮಾಧಾನ ಕೊಳ್ಳಲು ಹೋಗಿ ಆತಂಕ ಕೊಂಡ ಹಾಗೆ.

ಬೇಕಾದವರು ಯಾರು? ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ನಲ್ಲಿ ದೋಷ ಇರುವವರು. ಜೀವಮಾನದ ಅಪಾಯ 20% ಅಥವಾ ಅದಕ್ಕಿಂತ ಜಾಸ್ತಿ ಅಂತ ಲೆಕ್ಕ ಬಂದವರು. ಹದಿಹರೆಯದಲ್ಲೋ ಇಪ್ಪತ್ತರ ಹರೆಯದಲ್ಲೋ ಎದೆಗೆ ರೇಡಿಯೇಷನ್ ಚಿಕಿತ್ಸೆ ಆದವರು. ಕಂಕುಳಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿ, ಸ್ತನದಲ್ಲಿ ಮೂಲ ಎಲ್ಲಿದೆ ಅಂತ ಬೇರೆ ಸ್ಕ್ಯಾನ್‌ಗಳಿಗೆ ಗೊತ್ತಾಗದವರು. ಆಪರೇಷನ್‌ಗೆ ಮುಂಚೆ ಕಿಮೊ ತೆಗೆದುಕೊಳ್ಳುತ್ತಿದ್ದು ಗಡ್ಡೆ ಎಷ್ಟು ಕರಗಿತು ಅಂತ ನೋಡಬೇಕಾದವರು. ಸಿಲಿಕೋನ್ ಇಂಪ್ಲಾಂಟ್ ಒಡೆದಿದೆಯಾ ಅನ್ನುವ ಅನುಮಾನ ಇದ್ದವರು. ಅವರಿಗೆ ಗ್ಯಾಡೋಲಿನಿಯಂ ಕೂಡ ಬೇಕಿಲ್ಲ.

ತೀರಾ ಡೆನ್ಸ್ ಸ್ತನದವರ ಪ್ರಶ್ನೆಗೆ ನೆದರ್‌ಲ್ಯಾಂಡ್ಸ್‌ನ ಡೆನ್ಸ್ ಟ್ರಯಲ್ ಉತ್ತರ ಹುಡುಕಿತು. ಮ್ಯಾಮೊಗ್ರಾಮ್ ನಾರ್ಮಲ್ ಬಂದ, ಡಿ ದರ್ಜೆಯ 40,373 ಮಹಿಳೆಯರು. 2019ರಲ್ಲಿ ಫಲಿತಾಂಶ ಬಂತು. ಎರಡು ತಪಾಸಣೆಗಳ ನಡುವೆ ಕಾಣಿಸಿಕೊಂಡ ಕ್ಯಾನ್ಸರ್, ಬರೀ ಮ್ಯಾಮೊಗ್ರಾಮ್ ಗುಂಪಿನಲ್ಲಿ 1,000ಕ್ಕೆ 5. ಎಂಆರ್‌ಐಗೂ ಕರೆದ ಗುಂಪಿನಲ್ಲಿ 2.5. ಅರ್ಧಕ್ಕೆ ಇಳಿಯಿತು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮ್ಯಾಮೊಗ್ರಾಮ್‌ನಲ್ಲಿ ಅನುಮಾನದ ಕಣ ಕಂಡು ಬಯಾಪ್ಸಿ ಹೇಳಿದ್ದಾರೆ ಅಂತಿಟ್ಟುಕೊಳ್ಳಿ. "ಬಯಾಪ್ಸಿ ಯಾಕೆ, ಎಂಆರ್‌ಐ ಮಾಡಿಸೋಣ, ಅದು ನಾರ್ಮಲ್ ಬಂದರೆ ಬೇಡ" ಅನ್ನುವ ಚೌಕಾಸಿ ಬೇಡ. ನಾರ್ಮಲ್ ಎಂಆರ್‌ಐ ಆ ಬಯಾಪ್ಸಿಯನ್ನು ರದ್ದು ಮಾಡುವುದಿಲ್ಲ.

ಉಳಿದವು, ಒಂದೊಂದು ಮಾತಿನಲ್ಲಿ

ಕಾಂಟ್ರಾಸ್ಟ್ ಮ್ಯಾಮೊಗ್ರಾಮ್: ಅಯೋಡಿನ್ ಔಷಧಿ ಕೊಟ್ಟು ತೆಗೆಯುವ ಮ್ಯಾಮೊಗ್ರಾಮ್. ಎಂಆರ್‌ಐ ಸಿಗದವರಿಗೆ, ಪೇಸ್‌ಮೇಕರ್ ಇರುವವರಿಗೆ, ಆ ಕೊಳವೆಯೊಳಗೆ ಹೋಗಲು ಭಯ ಇರುವವರಿಗೆ ಒಳ್ಳೆಯ ಬದಲಿ. ಅಯೋಡಿನ್ ಅಲರ್ಜಿ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಇಲಾಸ್ಟೋಗ್ರಫಿ: ಅಲ್ಟ್ರಾಸೌಂಡ್‌ನಲ್ಲೇ ಗಡ್ಡೆ ಎಷ್ಟು ಬಿರುಸು ಅಂತ ಅಳೆಯುವುದು, ಜೊತೆಗಿದ್ದರೆ ಸಹಾಯ, ಒಂಟಿಯಾಗಿ ತೀರ್ಪು ಕೊಡಲಾರದು. ಪೆಟ್ ಸಿಟಿ: ಕ್ಯಾನ್ಸರ್ ಖಚಿತವಾದ ಮೇಲೆ ಬೇರೆ ಕಡೆ ಹರಡಿದೆಯಾ ನೋಡಲು, ಗಂಟು ಪತ್ತೆಗೆ ಅಲ್ಲ.

ಥರ್ಮೋಗ್ರಫಿ ಬಗ್ಗೆ ಮಾತ್ರ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. "ಮುಟ್ಟದೆ, ಒತ್ತದೆ, ವಿಕಿರಣ ಇಲ್ಲದೆ" ಅಂತ ಜಾಹೀರಾತು. ಚರ್ಮದ ಬಿಸಿ ಅಳೆಯುವ ಕ್ಯಾಮೆರಾ ಅದು. ಮ್ಯಾಮೊಗ್ರಾಮ್‌ಗೆ ಇದು ಬದಲಿ ಅಲ್ಲ ಅಂತ ಅಮೆರಿಕದ ಎಫ್‌ಡಿಎ ಮತ್ತೆ ಮತ್ತೆ ಎಚ್ಚರಿಸಿದೆ. ಅಲ್ಲಿ "ನಾರ್ಮಲ್" ಅನ್ನಿಸಿಕೊಂಡು ಬಂದು ಆರಾಮಾಗಿ ಇದ್ದುಬಿಡುವುದೇ ಅದರ ಅಪಾಯ.

ವೇಷ ಹಾಕುವವರು

ಇಷ್ಟು ಓದಿದವರಿಗೆ ನಯವಾದ ಅಂಚು ಒಳ್ಳೆಯದು, ಮುಳ್ಳು ಕೆಟ್ಟದು ಅಂತ ಸೂತ್ರ ಸಿಕ್ಕ ಹಾಗೆ ಅನ್ನಿಸಬಹುದು. ಬಹಳ ಸಲ ಸರಿ. ಆದರೆ ಎರಡೂ ಕಡೆ ವೇಷಧಾರಿಗಳಿದ್ದಾರೆ.

ಕ್ಯಾನ್ಸರ್ ಥರ ಕಾಣುವ, ಕ್ಯಾನ್ಸರ್ ಅಲ್ಲದ್ದು ಮೊದಲು. ಎದೆಗೆ ಪೆಟ್ಟು ಬಿದ್ದು ಅಥವಾ ಆಪರೇಷನ್ ಆಗಿ ಒಳಗಿನ ಕೊಬ್ಬು ಸತ್ತರೆ ಗಟ್ಟಿ ಗಂಟು, ಎಳೆದುಕೊಂಡ ಚರ್ಮ, ಮುಳ್ಳು ಅಂಚು ಎಲ್ಲ ಬರಬಹುದು. ಹಾಗಾಗಿ "ಆರು ತಿಂಗಳ ಹಿಂದೆ ಕಾರಿನ ಸೀಟ್‌ಬೆಲ್ಟ್ ಎದೆಗೆ ಬಿಗಿದಿತ್ತು" ಅನ್ನುವ ಸಣ್ಣ ಮಾತೂ ಹೇಳಲೇಬೇಕು. ರೇಡಿಯಲ್ ಸ್ಕಾರ್ ಅನ್ನುವುದು ನಕ್ಷತ್ರದಂತೆ ಹರಡಿ ಮ್ಯಾಮೊಗ್ರಾಮ್‌ನಲ್ಲಿ ಕ್ಯಾನ್ಸರ್‌ನ ತದ್ರೂಪ. ಕೀವುಗಂಟು, ಗ್ರಾನ್ಯುಲೋಮಾ ಉರಿಯೂತಗಳೂ ಹೀಗೆ ಮೋಸ ಮಾಡುತ್ತವೆ.

ತಿರುಗಾಮುರುಗಾ ವೇಷ ಇನ್ನೂ ಕಷ್ಟದ್ದು. ಮ್ಯೂಸಿನಸ್, ಮೆಡುಲ್ಲರಿ ಥರದ ಕ್ಯಾನ್ಸರ್‌ಗಳು, ಕೆಲವು ಟ್ರಿಪಲ್ ನೆಗೆಟಿವ್ (ಇಆರ್, ಪಿಆರ್, ಹರ್2 ಅನ್ನುವ ಮೂರೂ ಗುರುತು ಇಲ್ಲದ) ಕ್ಯಾನ್ಸರ್‌ಗಳು ದುಂಡಗೆ, ನಯವಾಗಿ, ಫೈಬ್ರೋಅಡಿನೋಮಾ ಹಾಗೆ ಕೂತಿರುತ್ತವೆ. ಫಿಲೋಡಿಸ್ ಗಡ್ಡೆಯೂ ಹಾಗೇ ಕಾಣುತ್ತದೆ, ಆದರೆ ಬೇಗ ಬೇಗ ಬೆಳೆಯುತ್ತದೆ. ಲೋಬ್ಯುಲರ್ ಕ್ಯಾನ್ಸರ್ ಗಂಟೇ ಕಟ್ಟದೆ, ಅದರ ಜೀವಕೋಶಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ನುಸುಳುತ್ತವೆ. ಮ್ಯಾಮೊಗ್ರಾಮ್ ಅದನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ. ಉರಿಯೂತದ ಕ್ಯಾನ್ಸರ್ ಅಂತೂ ಎದೆ ಕೆಂಪಾಗಿ, ಬಾತು, ಚರ್ಮ ಕಿತ್ತಳೆ ಸಿಪ್ಪೆಯ ಹಾಗಾಗಿ ಥೇಟ್ ಸೋಂಕಿನಂತೆ ಬರುತ್ತದೆ. ಆಂಟಿಬಯೋಟಿಕ್ ಕೋರ್ಸ್ ಮುಗಿದರೂ ಇಳಿಯದಿದ್ದರೆ ಎರಡನೇ ಕೋರ್ಸ್‌ಗೆ ಕಾಯದೆ ಸ್ಕ್ಯಾನ್, ಬಯಾಪ್ಸಿ ಕೇಳಿ.

ಅದಕ್ಕೇ ಚಿತ್ರದ ಜೊತೆ ಕೈಯೂ ಮಾತಾಡಬೇಕು. ಗಂಟು ಕೈಗೆ ಸಿಗುತ್ತಿದೆ, ಮ್ಯಾಮೊಗ್ರಾಮ್ ನಾರ್ಮಲ್ ಅಂದರೆ ಅದು ಮುಗಿದ ಮಾತಲ್ಲ. ತೊಟ್ಟು ಹೊಸದಾಗಿ ಒಳಗೆ ಹೋಗಿದ್ದರೆ, ಒಂದೇ ರಂಧ್ರದಿಂದ ತಾನಾಗಿ ರಕ್ತ ಬರುತ್ತಿದ್ದರೆ, ತೊಟ್ಟಿನ ಮೇಲೆ ವಾಸಿಯಾಗದ ಇಸುಬು ಇದ್ದರೆ ಸ್ಕ್ಯಾನ್ ಏನೇ ಹೇಳಲಿ, ಪರೀಕ್ಷೆ ನಿಲ್ಲಬಾರದು. ನೋವಿಲ್ಲ ಅಂತ ಬಿಡಬೇಡಿ. ಎಷ್ಟೋ ಕ್ಯಾನ್ಸರ್ ಗಂಟುಗಳು ನೋಯುವುದೇ ಇಲ್ಲ. ಗಂಡಸರಿಗೂ ಇದೆಲ್ಲ ಅನ್ವಯ, ಅವರಲ್ಲಿ ಕ್ಯಾನ್ಸರ್ ಅಪರೂಪ ಅಷ್ಟೇ.

ಕೊನೆಯಲ್ಲಿರುವ ಒಂದು ಅಂಕಿ

ಬೈರಾಡ್ಸ್ ಅಂದರೆ ರಿಪೋರ್ಟ್ ಬರೆಯುವವರೆಲ್ಲ ಒಂದೇ ಭಾಷೆ ಮಾತಾಡಲಿ ಅಂತ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 1993ರಲ್ಲಿ ತಂದ ಪದ್ಧತಿ. ಕ್ಯಾನ್ಸರ್‌ನ ಹಂತಕ್ಕೂ ಇದಕ್ಕೂ ಸಂಬಂಧ ಇಲ್ಲ. "ನನಗೆ 4ನೇ ಸ್ಟೇಜಾ?" ಅಂತ ಅತ್ತವರಿದ್ದಾರೆ, ಪಾಪ.

0 ಅಂದರೆ ಇನ್ನೂ ಚಿತ್ರ ಬೇಕು, ತೀರ್ಪು ಬಾಕಿ. 1 ನಾರ್ಮಲ್. 2 ಏನೋ ಇದೆ, ಖಂಡಿತ ಬಿನೈನ್. 3 ಬಹುತೇಕ ಬಿನೈನ್, ಕ್ಯಾನ್ಸರ್ ಇರುವ ಸಾಧ್ಯತೆ 2% ಮೀರುವುದಿಲ್ಲ. 4 ಅನುಮಾನ, ಆದರೆ ಅದರ ಹೊಟ್ಟೆ ದೊಡ್ಡದು: 4ಎ 2ರಿಂದ 10%, 4ಬಿ 10ರಿಂದ 50%, 4ಸಿ 50ರಿಂದ 95%. 5 ಅಂದರೆ 95% ಅಥವಾ ಜಾಸ್ತಿ. 6 ಈಗಾಗಲೇ ಬಯಾಪ್ಸಿಯಲ್ಲಿ ಖಚಿತ. ಬರೀ "4" ಅಂತ ಬರೆದಿದ್ದರೆ ಎ, ಬಿ, ಸಿ ಯಾವುದು ಅಂತ ಕೇಳುವುದು ನಿಮ್ಮ ಹಕ್ಕು. 3 ಬಂದವರಿಗೆ ಸಾಮಾನ್ಯವಾಗಿ 6, 12, 24 ತಿಂಗಳಿಗೆ ಮತ್ತೆ ಸ್ಕ್ಯಾನ್. ಆ ಮಧ್ಯೆ ಬೆಳೆದರೆ ಬಯಾಪ್ಸಿ.

ಸೂಜಿಯಲ್ಲೂ ಆಯ್ಕೆ ಇದೆ

ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಅಂದಾಜು. 4, 5 ಬಂದಾಗ ತೀರ್ಪು ಸೂಜಿಯದ್ದು. ತೆಳು ಸೂಜಿಯ ಎಫ್‌ಎನ್‌ಎಸಿಯಲ್ಲಿ ಬಿಡಿ ಜೀವಕೋಶ ಮಾತ್ರ ಬರುತ್ತದೆ. ಬೇಗ ಆಗುತ್ತದೆ, ನೀರುಗುಳ್ಳೆಗೆ, ಕಂಕುಳ ಗಂಟಿಗೆ ಸಾಕು. ಆದರೆ ಕ್ಯಾನ್ಸರ್ ನಾಳದೊಳಗೇ ಇದೆಯಾ, ದಾಟಿದೆಯಾ ಅಂತ ಅದು ಹೇಳಲಾರದು. ಸ್ತನದ ಗಟ್ಟಿ ಗಡ್ಡೆಗೆ ಕೋರ್ ಬಯಾಪ್ಸಿ ಕೇಳಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಾಮಾನ್ಯವಾಗಿ 14 ಗೇಜ್ ಸೂಜಿಯಿಂದ ದಾರದಂಥ ಕೆಲವು ತುಣುಕು ತೆಗೆಯುತ್ತಾರೆ. ಯಾವ ಚಿಕಿತ್ಸೆ ಹೊಂದುತ್ತದೆ ಅಂತ ತಿಳಿಸುವ ಇಆರ್, ಪಿಆರ್, ಹರ್2 ಪರೀಕ್ಷೆಗೂ ಆ ತುಣುಕೇ ಬೇಕು. ಬರೀ ಕಣಗಳಿದ್ದರೆ ಮ್ಯಾಮೊಗ್ರಾಮ್ ನೋಡಿಕೊಂಡು ಮಾಡುವ ಸ್ಟೀರಿಯೊಟ್ಯಾಕ್ಟಿಕ್ ವ್ಯಾಕ್ಯೂಮ್ ಬಯಾಪ್ಸಿ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಹೇಳುವ ಹಿತೈಷಿಗಳು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಕೋರ್ ಬಯಾಪ್ಸಿಯಿಂದ ಆಯಸ್ಸು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಬಯಾಪ್ಸಿ ಇಲ್ಲದೆ ನೇರ ಗಂಟು ಕೊಯ್ದು ತೆಗೆಸಿಕೊಳ್ಳುವುದೇ ಜಾಸ್ತಿ ತೊಂದರೆ, ಸರ್ಜನ್‌ಗೆ ಎಷ್ಟು ಅಗಲ ಕೊಯ್ಯಬೇಕೆಂದೇ ಗೊತ್ತಿರುವುದಿಲ್ಲ.

ಬಯಾಪ್ಸಿ "ಬಿನೈನ್" ಅಂತ ಬಂದ ಮೇಲೂ ಒಂದು ಪ್ರಶ್ನೆ ಬಾಕಿ ಇರುತ್ತದೆ: ಚಿತ್ರಕ್ಕೂ ತುಣುಕಿಗೂ ತಾಳೆ ಆಗುತ್ತಿದೆಯಾ? ಬೈರಾಡ್ಸ್ 5 ಅಂತ ಬರೆದ ಮುಳ್ಳುಗಂಟಿನಿಂದ "ಫೈಬ್ರೋಅಡಿನೋಮಾ" ಅಂತ ಉತ್ತರ ಬಂದರೆ ಸೂಜಿ ಪಕ್ಕಕ್ಕೆ ಹೋಗಿರಬಹುದು. ಆಗ ಮತ್ತೆ ಬಯಾಪ್ಸಿ, ಇಲ್ಲವೇ ಗಂಟನ್ನೇ ತೆಗೆಯುವುದು. ಡಾಕ್ಟರ್ ಹತ್ತಿರ ಇದೊಂದನ್ನು ಕೇಳದೆ ಎದ್ದು ಬರಬೇಡಿ.

ಮುಂದಿನ ಸಲ ಸ್ಕ್ಯಾನ್‌ಗೆ ಹೋಗುವಾಗ ಹಳೇ ಚಿತ್ರಗಳನ್ನು ಜೊತೆಗೆ ಒಯ್ಯಿರಿ. ಬರೀ ರಿಪೋರ್ಟ್ ಕಾಗದ ಸಾಲದು, ಫಿಲ್ಮ್ ಅಥವಾ ಸಿಡಿ ಬೇಕು. ಆ 14 ಮಿ.ಮೀ. ಗಡ್ಡೆ ಎರಡು ವರ್ಷದ ಹಿಂದಿನ ಚಿತ್ರದಲ್ಲೂ 14 ಮಿ.ಮೀ. ಇದ್ದರೆ, ಅದೇ ಆಕಾರ ಇದ್ದರೆ, 3 ಅಂತ ಬರೆಯಬೇಕಾದ ಕಡೆ ರೇಡಿಯಾಲಜಿಸ್ಟ್ 2 ಅಂತ ಬರೆದು ನಿಮ್ಮನ್ನು ಮನೆಗೆ ಕಳಿಸುತ್ತಾರೆ.